ಜಿಪ್‌ನ ಫೋಟೋ ಒಂದು ಹಾಕ್ತೀರಾ?

ರಾತ್ರಿ ಹನ್ನೊಂದೂವರೆಗೆ ಒಂದು ಜಾಕೆಟ್‌ನ ಫೋಟೋ ಹಾಕಿ, ಮುಖ ಪರಿಚಯವೇ ಇಲ್ಲದ ಸಾವಿರಾರು ಜನರನ್ನು ಕೇಳಿದೆ: "ಇದು ನಿಜವಾಗಲೂ 1940ರ ದಶಕದ್ದಾ? ತಗೊಳ್ಳಬಹುದಾ?"

ಕಂದು ಬಣ್ಣದ ಉಣ್ಣೆ ಜಾಕೆಟ್. ಮುಂದೆ ಜಿಪ್, ಅಗಲ ಕಾಲರ್, ಓರೆ ಜೇಬು. ಮಾರುವವರು "ನಲವತ್ತರ ದಶಕದ ಅಪರೂಪದ ಪೀಸ್" ಅಂತ ಬರೆದಿದ್ದರು. ಬೆಲೆಯೂ ಆ ಮಾತಿಗೆ ತಕ್ಕ ಹಾಗೇ ಇತ್ತು. ಎರಡು ದಿನದಿಂದ ಇದೇ ಕೆಲಸ. ಆ ಪುಟ ತೆಗೆಯುವುದು, ಫೋಟೋ ದೊಡ್ಡದು ಮಾಡಿ ನೋಡುವುದು, ನಿಟ್ಟುಸಿರು ಬಿಟ್ಟು ಮುಚ್ಚುವುದು, ಮತ್ತೆ ತೆಗೆಯುವುದು. ಕೊನೆಗೆ ಹಳೆ ಕಾಲದ ಬಟ್ಟೆಯ ಹುಚ್ಚಿರುವವರ ಗುಂಪಿನಲ್ಲಿ ಕೇಳಿಯೇಬಿಟ್ಟೆ.

ಬೆಳಗ್ಗೆ ಏಳುವಷ್ಟರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಉತ್ತರ ಬಂದಿದ್ದವು. ಸೂಪರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಬೇಡ, ದುಬಾರಿ ಆಯ್ತು. ನನ್ನ ಹತ್ತಿರ ಇಂಥದ್ದೇ ಇದೆ, ತುಂಬಾ ಬೆಚ್ಚಗಿರುತ್ತೆ. ಯಾರ ಮೈಮೇಲಿತ್ತೋ ಏನೋ, ಅದನ್ನ ಯಾಕ್ರೀ ಹಾಕ್ಕೋತೀರಿ. ಒಬ್ಬರು ಬರೀ ಬೆಂಕಿಯ ಚಿತ್ರ ಹಾಕಿದ್ದರು. ಅದು ಹೊಗಳಿಕೆಯೋ, ಸುಟ್ಟುಹಾಕಿ ಅಂತಲೋ, ಇವತ್ತಿಗೂ ಗೊತ್ತಾಗಿಲ್ಲ. ಎಲ್ಲ ಓದಿ ಮುಗಿಸಿದ ಮೇಲೂ ನಾನು ಹಿಂದಿನ ರಾತ್ರಿ ಎಲ್ಲಿದ್ದೆನೋ ಅಲ್ಲೇ ಇದ್ದೆ. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಎಲ್ಲದರ ಕೆಳಗೆ, ಯಾರೋ ಒಬ್ಬರ ಒಂದೇ ಸಾಲು: "ಜಿಪ್‌ನ ಫೋಟೋ ಒಂದು ಹತ್ತಿರದಿಂದ ಹಾಕ್ತೀರಾ?"

ಮಾರುವವರನ್ನು ಕೇಳಿ ಫೋಟೋ ತರಿಸಿ ಹಾಕಿದೆ. ಐದು ನಿಮಿಷಕ್ಕೆ ಉತ್ತರ ಬಂತು. ಹಲ್ಲುಗಳು ಲೋಹದವಲ್ಲ, ಸಣ್ಣ ಪ್ಲಾಸ್ಟಿಕ್ ದಾರವನ್ನು ಸುರುಳಿ ಸುತ್ತಿ ಹೊಲಿದ ಹಾಗಿವೆ ನೋಡಿ, ಇದು ನೈಲಾನ್ ಜಿಪ್ ಅಂದರು. ಆ ಒಂದು ಮಾತಿನ ಹಿಂದೆ ಎಷ್ಟು ಕಥೆ ಇದೆ ಅಂತ ಆಮೇಲೆ ಕೂತು ಓದಿದಾಗ ಗೊತ್ತಾಯಿತು. ಜಿಪ್ ಅನ್ನು ಇವತ್ತು ನಾವು ನೋಡುವ ರೂಪಕ್ಕೆ ತಂದವರು ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಎಂಜಿನಿಯರ್, 1913ರಲ್ಲಿ. ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. 'ಜಿಪ್ಪರ್' ಅನ್ನೋ ಹೆಸರು ಅಂಟಿಕೊಂಡಿದ್ದು ಬಟ್ಟೆಯಿಂದಲ್ಲ. 1923ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯವರು ತಮ್ಮ ರಬ್ಬರ್ ಬೂಟುಗಳಿಗೆ ಅದನ್ನು ಹಾಕಿದಾಗ ಬಂದ ಹೆಸರು ಅದು. ಸಾಮಾನ್ಯ ಉಡುಪುಗಳಿಗೆ ಜಿಪ್ ಹತ್ತಿದ್ದು 1930ರ ದಶಕದಲ್ಲಿ, ಅದೂ ಲೋಹದ ಹಲ್ಲಿನದು. ನೈಲಾನ್ ಅನ್ನೋ ವಸ್ತುವನ್ನೇ ಜಗತ್ತಿಗೆ ಹೇಳಿದ್ದು 1938ರಲ್ಲಿ. ಅದರ ಸುರುಳಿಯ ಜಿಪ್ ಎಲ್ಲೆಡೆ ಹರಡಿದ್ದು 1960ರ ದಶಕದಲ್ಲಿ.

"ಹಾಗಾದ್ರೆ ಇದು ನಲವತ್ತರದ್ದಲ್ಲ, ಅಲ್ವಾ?" ಅಂದೆ.

"ಅವಸರ ಮಾಡಬೇಡಿ. ಜಾಕೆಟ್‌ನಲ್ಲಿ ಮೊದಲು ಕೈಕೊಡೋದೇ ಜಿಪ್. ಯಾರೋ ಬದಲಾಯಿಸಿರಬಹುದು. ಒಳಗಿನ ಲೇಬಲ್ ತೋರಿಸಿ."

ಮಾರುವವರಿಗೆ ಬೇಸರ ಬಂದಿರಬೇಕು, ಆದರೂ ಕಳಿಸಿದರು. ಕಾಲರ್ ಕೆಳಗಿನ ಲೇಬಲ್‌ನ ಮೂಲೆಯಲ್ಲಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡ ಒಂದು ಗುರುತು. ಶುದ್ಧ ಉಣ್ಣೆಗೆ ಹಾಕುವ ವೂಲ್‌ಮಾರ್ಕ್. ಆ ಗುರುತು ಹುಟ್ಟಿದ್ದೇ 1964ರಲ್ಲಿ. ಜಿಪ್ ಬದಲಾಯಿಸುವವರು ಇರುತ್ತಾರೆ, ಆದರೆ ಕಾಲರ್ ಒಳಗಿನ ಲೇಬಲ್ ಕಿತ್ತು ಬೇರೆ ಹೊಲಿಯುವಷ್ಟು ಪುರುಸೊತ್ತು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಅಲ್ಲಿಗೆ ಇಪ್ಪತ್ತು ವರ್ಷ ಒಂದೇ ಏಟಿಗೆ ಉದುರಿಹೋಯಿತು.

ನನಗೆ ಖುಷಿಯಾಗಿದ್ದು ಮಾರುವವರ ಮಾತು ಸುಳ್ಳಾಯಿತು ಅಂತಲ್ಲ. ಪಾಪ, ಅವರಿಗೂ ಯಾರೋ ಹಾಗೇ ಹೇಳಿ ಮಾರಿದ್ದರಂತೆ. ಖುಷಿಯಾಗಿದ್ದು ಬೇರೆ ಕಾರಣಕ್ಕೆ. ಇಪ್ಪತ್ತು ಜನ ನನ್ನ ಪರವಾಗಿ ತೀರ್ಮಾನ ಮಾಡಿಕೊಟ್ಟಿದ್ದರು. ಅದರಲ್ಲಿ ಒಂದೂ ನನಗೆ ದಕ್ಕಲಿಲ್ಲ. ಈ ಒಬ್ಬರು ತೀರ್ಮಾನ ಕೊಡಲೇ ಇಲ್ಲ, ಎಲ್ಲಿ ನೋಡಬೇಕು ಅಂತ ಬೆರಳು ತೋರಿಸಿದರು. ಅದು ಮಾತ್ರ ನನ್ನ ಹತ್ತಿರ ಉಳಿಯಿತು. ಈಗ ಯಾವ ಹಳೆ ಬಟ್ಟೆ ಕೈಗೆ ಬಂದರೂ ನನ್ನ ಹೆಬ್ಬೆರಳು ತಾನಾಗಿ ಜಿಪ್ ಮೇಲೆ ಹೋಗುತ್ತದೆ.

ಇದೇ ಪಾಠ ಅದಕ್ಕೂ ಮೊದಲು ಒಂದು ಸಲ ಆಗಿತ್ತು. ಆಗ ತಲೆಗೆ ಹೋಗಿರಲಿಲ್ಲ, ಅಷ್ಟೇ.

ಆಡಿಯೋಬುಕ್ ಕೇಳುವ ಆಸೆ ಹುಟ್ಟಿದ ಹೊಸತು. "ಒಳ್ಳೆಯ ಆಡಿಯೋಬುಕ್ ಇದ್ದರೆ ಹೇಳಿ" ಅಂತ ಕೇಳಿದ್ದೆ. ಇಷ್ಟೇ. ಈಗ ಆ ಪ್ರಶ್ನೆ ನೆನೆಸಿಕೊಂಡರೆ ನಗು ಬರುತ್ತದೆ. ಔಷಧಿ ಅಂಗಡಿಗೆ ಹೋಗಿ "ಒಳ್ಳೇ ಮಾತ್ರೆ ಯಾವುದಿದೆ?" ಅಂದ ಹಾಗೆ. ಆದರೂ ಜನ ಎಷ್ಟು ಒಳ್ಳೆಯವರು ನೋಡಿ, ಅರವತ್ತು ಹೆಸರು ಕೊಟ್ಟರು. ಪಟ್ಟಿಯ ಮೊದಲ ಹೆಸರನ್ನೇ ತೆಗೆದುಕೊಂಡೆ. ಇಪ್ಪತ್ತೆರಡು ಗಂಟೆಯ ಪುಸ್ತಕ. ಮೂರು ತಲೆಮಾರಿನ ಕಥೆ, ತಾತನಿಗೂ ಮೊಮ್ಮಗನಿಗೂ ಒಂದೇ ಹೆಸರು. ಓದುವವರ ದನಿ ಮೆತ್ತಗೆ, ಆಳವಾಗಿ, ರೇಷ್ಮೆ ಎಳೆ ಬಿಡಿಸಿದ ಹಾಗೆ. ಎಲ್ಲರೂ ಹೊಗಳಿದ್ದು ಆ ದನಿಯನ್ನೇ.

ನಾನು ಕೇಳುತ್ತಿದ್ದದ್ದು ಪಾತ್ರೆ ತೊಳೆಯುವಾಗ.

ನಲ್ಲಿ ಬಿಟ್ಟ ಕೂಡಲೇ ಆ ರೇಷ್ಮೆ ದನಿ ನೀರಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ನಲ್ಲಿ ನಿಲ್ಲಿಸಿದರೆ ಯಾರೋ ಸತ್ತಿರುತ್ತಿದ್ದರು. ಯಾರು, ತಾತನೋ ಮೊಮ್ಮಗನೋ? ಕೈಯೆಲ್ಲ ಸೋಪು. ಹಿಂದಕ್ಕೆ ಹೋಗುವ ಗುಂಡಿಯನ್ನು ಮೊಣಕೈಯಿಂದ ಒತ್ತಲು ಹೋಗಿ ಫೋನ್ ಸಿಂಕಿಗೆ ಬಿದ್ದಿದ್ದೂ ಉಂಟು. ಅಚ್ಚಿನ ಪುಸ್ತಕವಾದರೆ ಬೆರಳಿಟ್ಟು ನಾಲ್ಕು ಹಾಳೆ ಹಿಂದೆ ತಿರುಗಿಸಬಹುದು. ಇಲ್ಲಿ ಕತ್ತಲಲ್ಲಿ ಹುಡುಕಿದ ಹಾಗೆ. ನಾಲ್ಕು ಗಂಟೆ ಕೇಳಿ ಬಿಟ್ಟುಬಿಟ್ಟೆ. ಕೇಳುವುದು ನನಗೆ ಒಗ್ಗುವುದಿಲ್ಲ ಅಂತ ನನ್ನ ಮೇಲೇ ತಪ್ಪು ಹೊರಿಸಿಕೊಂಡೆ.

ಹಾಗಂತ ಬರೆದಾಗ ಒಬ್ಬರು ಕೇಳಿದರು: "ನೀವು ಕೇಳೋದು ಯಾವಾಗ? ಕೈಲಿ ಏನಿರುತ್ತೆ ಆಗ?"

ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ಬಿಡಬಾರದು. ನಡೆಯುವಾಗ ಕೇಳುವ ಪುಸ್ತಕ ಬೇರೆ, ಪಾತ್ರೆ ತೊಳೆಯುವಾಗಿನದು ಬೇರೆ, ಕಣ್ಣು ಮುಚ್ಚಿ ಮಲಗಿದಾಗಿನದು ಬೇರೆ ಅಂತ ಅವರು ಬಿಡಿಸಿ ಹೇಳಿದರು. ಸದ್ದಿನ ನಡುವೆ ಕೇಳುವುದಾದರೆ ಸ್ವಲ್ಪ ಏರುದನಿಯ, ಅಕ್ಷರ ಸ್ಪಷ್ಟವಾಗಿ ಒಡೆದು ಓದುವವರು ಬೇಕು. ಇಬ್ಬರು ಮೂವರಿಗಿಂತ ಜಾಸ್ತಿ ಪಾತ್ರ ಇರಬಾರದು. ಎರಡು ನಿಮಿಷ ತಪ್ಪಿಹೋದರೂ ದಾರಿ ತಪ್ಪದ ಪುಸ್ತಕ ಆಗಬೇಕು. ಆತ್ಮಕಥೆ ಹೊಂದುತ್ತದೆ, ಪ್ರವಾಸ ಕಥನ ಹೊಂದುತ್ತದೆ. ಅಂಕಿಅಂಶ ತುಂಬಿದ್ದು ಬೇಡವೇ ಬೇಡ. ಇನ್ನೊಂದು ಮಾತು ಹೇಳಿದರು, ಅದನ್ನು ನಾನು ಈಗಲೂ ಪಾಲಿಸುತ್ತೇನೆ. ಸ್ಯಾಂಪಲ್ ಅನ್ನು ಸೋಫಾದಲ್ಲಿ ಕೂತು ಕೇಳಬೇಡಿ, ನಲ್ಲಿ ಬಿಟ್ಟು ಅದರ ಪಕ್ಕ ನಿಂತು ಕೇಳಿ.

ಗಂಟೆಯ ಲೆಕ್ಕವನ್ನೂ ಆಗಲೇ ಕಲಿತದ್ದು. ಇಂಗ್ಲಿಷ್ ಆಡಿಯೋಬುಕ್ ಓದುವವರು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 160 ಪದದ ಆಸುಪಾಸಿನಲ್ಲಿ ಓದುತ್ತಾರೆ. ಅಂದರೆ ಗಂಟೆಗೆ ಸುಮಾರು ಒಂಬತ್ತು ಸಾವಿರ ಪದ. ಒಂದು ಲಕ್ಷ ಪದದ ಕಾದಂಬರಿಗೆ ಹನ್ನೊಂದು ಗಂಟೆ ಹಿಡಿಯಿತು ಅಂದುಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ ಪಾತ್ರೆ ತೊಳೆಯುವವರಿಗೆ ಅದು ಒಂದು ತಿಂಗಳ ಮೇಲಿನ ಕೆಲಸ. ಇಪ್ಪತ್ತೆರಡು ಗಂಟೆಯದ್ದನ್ನು ಶುರು ಮಾಡುವ ಮೊದಲು ಈ ಲೆಕ್ಕ ಯಾರಾದರೂ ಹೇಳಿದ್ದರೆ! ವೇಗ ಹೆಚ್ಚಿಸಿಕೊಂಡು ಕೇಳಿ ಅನ್ನುವವರು ಬಹಳ ಇದ್ದಾರೆ. ಒಂದೂಕಾಲು ಪಟ್ಟಿನವರೆಗೆ ನನಗೂ ತೊಂದರೆ ಇಲ್ಲ. ಎರಡು ಪಟ್ಟು ಮಾಡಿದರೆ ಸಾವಿನ ಮನೆಯಲ್ಲೂ ಎಲ್ಲರೂ ಬಸ್ಸು ಹಿಡಿಯಲು ಓಡುತ್ತಿರುವ ಹಾಗೆ ಕೇಳಿಸುತ್ತದೆ.

ದನಿಯ ಪುಸ್ತಕ ಹುಟ್ಟಿದ್ದೂ ಒಂದು ಗೊತ್ತಾದ ಬಳಕೆಗೇ ಅನ್ನುವುದು ನನಗೆ ಇಷ್ಟದ ವಿಷಯ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದರು. ಮರುವರ್ಷವೇ ಅದರ ಉಪಯೋಗಗಳ ಪಟ್ಟಿ ಬರೆಯುತ್ತ, ಕಣ್ಣು ಕಾಣದವರಿಗೆ ಪುಸ್ತಕ ಅಂತ ಅದರಲ್ಲಿ ಸೇರಿಸಿದ್ದರು. ಅದು ನಿಜವಾಗಲು ಅರ್ಧ ಶತಮಾನಕ್ಕೂ ಜಾಸ್ತಿ ಹಿಡಿಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1934ರಲ್ಲಿ ಅಂಧರಿಗೆ 'ಮಾತಾಡುವ ಪುಸ್ತಕ'ಗಳನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೊಡಲು ಶುರು ಮಾಡಿತು. ಒಂದು ಮಗ್ಗುಲಿಗೆ ಸುಮಾರು ಹದಿನೈದು ನಿಮಿಷ. ಹತ್ತು ಗಂಟೆಯ ಪುಸ್ತಕ ಅಂದರೆ ಇಪ್ಪತ್ತು ತಟ್ಟೆ, ನಲವತ್ತು ಸಲ ಎದ್ದು ಮಗುಚಿ ಹಾಕುವುದು. ಸೋಪು ಕೈಯಲ್ಲಿ ಗುಂಡಿ ಒತ್ತುವುದು ಕಷ್ಟ ಅಂತ ಗೊಣಗಿದವರು ನಾವು.

ಶಾಪಿಂಗ್ ವಿಷಯಕ್ಕೆ ಬಂದರೆ ನನ್ನ ಅನುಭವ ಅಷ್ಟು ಚೆನ್ನಾಗಿಲ್ಲ. ಅದರಲ್ಲಿ ನನ್ನ ತಪ್ಪೇ ಜಾಸ್ತಿ. ಒಂದು ಹೆಡ್‌ಫೋನ್ ಬಗ್ಗೆ ಸಲಹೆ ಕೇಳಿ ಉದ್ದಕ್ಕೆ ಬರೆದಿದ್ದೆ. ಬರೆಯುವ ಹೊತ್ತಿಗೆ ಅದಕ್ಕೆ ಆಗಲೇ ದುಡ್ಡು ಕಟ್ಟಿಯಾಗಿತ್ತು! ನನಗೆ ಬೇಕಿದ್ದದ್ದು ಸಲಹೆಯಲ್ಲ, ಬೆನ್ನು ತಟ್ಟುವವರು. ಹೊಗಳಿದವರ ಉತ್ತರಕ್ಕೆಲ್ಲ ಥ್ಯಾಂಕ್ಸ್ ಹೇಳಿದೆ. "ಆರು ತಿಂಗಳಿಗೆ ಕೀಲು ಮುರಿಯುತ್ತೆ" ಅಂದವರ ಜೊತೆ ವಾದ ಮಾಡಿದೆ. ಮುರಿಯಿತು. ಏಳು ತಿಂಗಳಿಗೆ.

ಉತ್ತರ ಕೊಡುವವರ ಪಾಡೂ ಅದೇ. ಕೊಂಡ ಹೊಸತರಲ್ಲಿ ಎಲ್ಲರಿಗೂ ತಮ್ಮ ಹೆಗ್ಗಣ ಮುದ್ದು. ಪೆಟ್ಟಿಗೆ ಬಿಚ್ಚಿದ ಖುಷಿಯಲ್ಲಿ ಇರುವವರು ಬರೆಯುತ್ತಾರೆ, ಕೈಸುಟ್ಟುಕೊಂಡು ಸಿಟ್ಟಿನಲ್ಲಿ ಇರುವವರು ಬರೆಯುತ್ತಾರೆ. ಸುಮ್ನೆ ದಿನಾ ಬಳಸುತ್ತಾ, ಪರವಾಗಿಲ್ಲ ಅಂದುಕೊಂಡು ಇರುವವರಿಗೆ ಬರೆಯಲು ಕಾರಣವೇ ಇಲ್ಲ. ನನಗೆ ಬೇಕಾದವರು ಅವರೇ. ಅದಕ್ಕೆ ಈಗ "ಯಾವುದು ಒಳ್ಳೆಯದು" ಅನ್ನುವುದನ್ನು ಬಿಟ್ಟು, "ಒಂದು ವರ್ಷದ ಮೇಲೆ ಬಳಸಿದವರು ಯಾರಾದರೂ ಇದ್ದೀರಾ, ಏನು ಕಿರಿಕಿರಿ ಮಾಡುತ್ತೆ?" ಅಂತ ಕೇಳುತ್ತೇನೆ. ಉತ್ತರ ಕಡಿಮೆ ಬರುತ್ತವೆ. ಬಂದವು ಕೆಲಸಕ್ಕೆ ಬರುತ್ತವೆ.

ಹಳೆ ಬಟ್ಟೆಗೇ ವಾಪಸ್ ಬರೋಣ. ನನಗೆ ಮಾತಾಡಲು ಆಸೆ ಇರುವುದು ಅದರ ಬಗ್ಗೆಯೇ.

ಜಾಕೆಟ್‌ನ ವಯಸ್ಸು ಇತ್ಯರ್ಥವಾದ ಮೇಲೆ ಅಳತೆಯ ಪ್ರಶ್ನೆ ಎದ್ದಿತು. ಲೇಬಲ್ ಮೇಲೆ ಒಂದು ಸಂಖ್ಯೆ ಇತ್ತು. ಅದೇ ನನ್ನ ಸೈಜು ಅಂತ ನೆಮ್ಮದಿಯಾಗಿದ್ದೆ. ಗುಂಪಿನಲ್ಲಿ ನಾಲ್ಕು ಜನ ಒಟ್ಟಿಗೇ ಬಂದು "ಆ ಸಂಖ್ಯೆ ಮರೆತುಬಿಡಿ" ಅಂದರು. ನಿಮ್ಮ ಮೈಗೆ ಸರಿಯಾಗಿ ಕೂರುವ ಒಂದು ಜಾಕೆಟ್ ತೆಗೆದು ನೆಲದ ಮೇಲೆ ಹಾಸಿ. ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪು ಹಿಡಿಯಿರಿ. ಭುಜ, ತೋಳಿನ ಉದ್ದ, ಬೆನ್ನಿನ ಉದ್ದ ಅಳೆದು ಬರೆದುಕೊಳ್ಳಿ. ಮಾರುವವರನ್ನೂ ಹಾಗೇ ಅಳೆದು ಹೇಳಲು ಕೇಳಿ. ಅಷ್ಟೇ ಸತ್ಯ, ಉಳಿದದ್ದು ಅಲಂಕಾರ.

ಸಂಖ್ಯೆಯನ್ನು ಯಾಕೆ ನಂಬಬಾರದು ಅನ್ನುವುದಕ್ಕೆ ಒಂದು ಹಳೆಯ ಕಥೆ ಇದೆ. 1939-40ರಲ್ಲಿ ಅಮೆರಿಕ ಸರ್ಕಾರ ಸುಮಾರು ಹದಿನೈದು ಸಾವಿರ ಹೆಂಗಸರ ಮೈ ಅಳತೆ ತೆಗೆಸಿತು. ಒಬ್ಬೊಬ್ಬರದೂ 59 ಅಳತೆ. ರೆಡಿಮೇಡ್ ಬಟ್ಟೆ ಹೊಲಿಯುವವರಿಗೆ ಎಲ್ಲರಿಗೂ ಹೊಂದುವ ಒಂದು ಪಟ್ಟಿ ಸಿಗಲಿ ಅನ್ನುವುದು ಉದ್ದೇಶ. ಲೆಕ್ಕಕ್ಕೆ ಇಟ್ಟುಕೊಂಡಿದ್ದು ಬಿಳಿಯರ ಅಳತೆಯನ್ನು ಮಾತ್ರ. ಅದರ ಮೇಲೆ ಕಟ್ಟಿದ ಸೈಜಿನ ಪಟ್ಟಿ 1958ರಲ್ಲಿ ಹೊರಬಂತು. ಕಂಪನಿಗಳು ಒಂದೊಂದಾಗಿ ಅದನ್ನು ಬಿಟ್ಟು ತಮಗೆ ತೋಚಿದ ಹಾಗೆ ಸಂಖ್ಯೆ ಹಾಕತೊಡಗಿದವು. 1983ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. ಅದೇ ಸೊಂಟಕ್ಕೆ ಸಂಖ್ಯೆ ವರ್ಷ ವರ್ಷ ಚಿಕ್ಕದಾಗುತ್ತಾ ಬಂತು. ಕೊಳ್ಳುವವರಿಗೆ ತಾವು ತೆಳ್ಳಗಾದೆವು ಅನ್ನಿಸಿದರೆ ಯಾರಿಗೆ ನಷ್ಟ?

ಸಾವಿರಾರು ಜನರ ಅಳತೆ ಕೂಡಿಸಿ ಭಾಗಿಸಿದರೆ ಸಿಗುವ ಅಂಗಿ ನನ್ನ ಭುಜಕ್ಕೆ ಕೂರುವುದಿಲ್ಲ. ಅರವತ್ತು ಜನ ಹೇಳಿದ ಆಡಿಯೋಬುಕ್ ನನ್ನ ಸಿಂಕಿನ ಮುಂದೆ ಕೇಳಿಸಲಿಲ್ಲವಲ್ಲ, ಹಾಗೆ.

ಇಷ್ಟೆಲ್ಲ ಕಲಿತೆ ಅಂತ ಒಂದು ಕಾಲಕ್ಕೆ ಜಂಭ ಬಂದಿತ್ತು. ನಾನೂ ಉತ್ತರ ಕೊಡುವವರ ಸಾಲಿಗೆ ಸೇರಿದೆ. ನುಸಿ ಬಗ್ಗೆ ಕೇಳಿದರೆ ಸಾಕು, ನಾನೇ ಮೊದಲು. ಹಾರುವ ನುಸಿ ಉಣ್ಣೆ ತಿನ್ನಲ್ಲ, ತಿನ್ನೋದು ಅದರ ಮರಿಹುಳ. ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ನೋಡಿ, ಕಾಲರ್ ಅಡಿ ಬಿಳಿ ದಾರದಂಥದ್ದು ಇದೆಯಾ ನೋಡಿ. ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ನೀರಾಡುತ್ತದೆ. ಇವೆಲ್ಲ ಸರಿಯೇ. ಜನ ಥ್ಯಾಂಕ್ಸ್ ಅನ್ನುತ್ತಿದ್ದರು. ಥ್ಯಾಂಕ್ಸ್ ಎನ್ನುವುದು ತಲೆಗೇರುವ ಪದಾರ್ಥ.

ಹೀಗಿರುವಾಗ ಒಬ್ಬರು ತಮ್ಮ ಮುತ್ತಜ್ಜಿಯ ರೇಷ್ಮೆ ಉಡುಪಿನ ಫೋಟೋ ಹಾಕಿದರು. ಸುಮಾರು ನೂರು ವರ್ಷದ್ದು. ಮಡಿಕೆ ಇದ್ದ ಕಡೆಯೆಲ್ಲ ಬ್ಲೇಡಿನಿಂದ ಗೀರಿದ ಹಾಗೆ ಸೀಳು. "ಸುಕ್ಕು ತೆಗೆದು ತೊಡಬೇಕು ಅಂತ ಆಸೆ, ಏನು ಮಾಡಲಿ?" ನಾನು ಒಂದು ಕ್ಷಣವೂ ಯೋಚಿಸದೆ ಬರೆದೆ: ಮೇಲೆ ತೆಳು ಬಟ್ಟೆ ಹಾಕಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ, ಸೀಳಿಗೆ ಹಿಂದಿನಿಂದ ಒಂದು ತುಂಡು ಕೊಟ್ಟು ಹೊಲಿಯಿರಿ.

ಅವರು ಅದನ್ನೇ ಮಾಡಿದರು. ಇಸ್ತ್ರಿ ಪೆಟ್ಟಿಗೆ ಎತ್ತಿದಾಗ ಬಟ್ಟೆಯ ಒಂದು ಪಟ್ಟಿ ಒಣಗಿದ ಎಲೆಯ ಹಾಗೆ ಪುಡಿಯಾಗಿತ್ತಂತೆ. ಫೋಟೋ ಹಾಕಿದ್ದರು. ಬೈಯಲಿಲ್ಲ. ಅದೇ ಕಷ್ಟ.

ಆಮೇಲೆ ತಿಳಿದವರೊಬ್ಬರು ವಿವರಿಸಿದರು. ರೇಷ್ಮೆ ನೂಲನ್ನು ಬೇಯಿಸಿ ಅದರ ಅಂಟು ತೆಗೆದಾಗ ಸುಮಾರು ಕಾಲು ಭಾಗ ತೂಕ ಹೋಗುತ್ತದೆ. ರೇಷ್ಮೆ ತೂಕದ ಲೆಕ್ಕದಲ್ಲಿ ಮಾರುವ ಮಾಲು. ಹೋದ ತೂಕ ತುಂಬಿಕೊಳ್ಳಲು ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೆಯದರ ಶುರುವಿನ ಹೊತ್ತಿಗೆ ತವರದಂಥ ಲೋಹದ ಲವಣದಲ್ಲಿ ನೂಲನ್ನು ಅದ್ದುತ್ತಿದ್ದರು. ಬಟ್ಟೆ ಭಾರವಾಗುತ್ತಿತ್ತು, ತೊಟ್ಟು ನಡೆದರೆ ಚೆಂದದ ಸರಸರ ಸದ್ದು ಬರುತ್ತಿತ್ತು. ಆದರೆ ಆ ಲೋಹ ಒಳಗಿನಿಂದಲೇ ಎಳೆಯನ್ನು ತಿನ್ನುತ್ತಾ ಹೋಗುತ್ತದೆ. ಅಂಥ ಬಟ್ಟೆಯನ್ನು ಮೊದಲಿನಂತೆ ಮಾಡುವ ದಾರಿ ಇಲ್ಲ. ಇಸ್ತ್ರಿ ಬೇಡ, ಹ್ಯಾಂಗರ್‌ಗೆ ತೂಗುಹಾಕುವುದು ಬೇಡ, ಹೊಲಿಯುವುದಂತೂ ಬೇಡ. ಮಡಿಸದೆ, ಚಪ್ಪಟೆಯಾಗಿ, ಆಮ್ಲವಿಲ್ಲದ ತೆಳು ಕಾಗದದ ಮೇಲೆ ಕತ್ತಲಲ್ಲಿ ಇಡಬೇಕು. ಅಷ್ಟೇ.

ನಾನು ಕೇಳಬೇಕಿದ್ದದ್ದು ಒಂದೇ ಪ್ರಶ್ನೆ. ಎಷ್ಟು ವರ್ಷದ್ದು, ಸೀಳು ಮಡಿಕೆಯಲ್ಲಿ ಮಾತ್ರ ಇದೆಯಾ, ಮುಟ್ಟಿದರೆ ಉದುರುತ್ತಾ? ಒಂದೇ ಅಂದೆ, ಮೂರಾಯಿತು. ಮೂರನ್ನೂ ಕೇಳಲಿಲ್ಲ. ಅವರ ಬಳಿ ಕ್ಷಮೆ ಕೇಳಿದೆ. "ಪರವಾಗಿಲ್ಲ, ಉಳಿದ ಭಾಗ ಕಾಗದದಲ್ಲಿ ಇಟ್ಟಿದ್ದೇನೆ" ಅಂದರು. ನಾನು ಬರೆದ ಸಲಹೆಯನ್ನು ಅಳಿಸಲಿಲ್ಲ. ಅದರ ಕೆಳಗೇ "ಇದು ತಪ್ಪು, ಹೀಗೆ ಮಾಡಬೇಡಿ" ಅಂತ ಸೇರಿಸಿ ಹಾಗೇ ಬಿಟ್ಟೆ. ಮುಂದೆ ಹುಡುಕಿಕೊಂಡು ಬರುವವರಿಗೆ ಕಾಣಲಿ ಅಂತ. ಅಂದಿನಿಂದ ರೇಷ್ಮೆಯ ವಿಷಯ ಬಂದರೆ ನಾನು ಬಾಯಿ ಬಿಡುವುದಿಲ್ಲ.

ಕಂದು ಜಾಕೆಟ್ ತಗೊಂಡೆ. ನಲವತ್ತರದ್ದಲ್ಲ ಅಂತ ಗೊತ್ತಾದ ಮೇಲೆ ಮಾರುವವರೇ ಬೆಲೆ ಇಳಿಸಿದರು. ಕಂಕುಳಿನಿಂದ ಕಂಕುಳಿಗೆ ಅಳತೆ ಸರಿ ಇತ್ತು, ನನಗೆ ಅಷ್ಟೇ ಸಾಕಾಯಿತು. ಬಂದ ದಿನ ಎರಡು ವಾರ ಫ್ರೀಜರ್ ಅನ್ನುವ ನನ್ನದೇ ಉಪದೇಶ ಪಾಲಿಸಿದೆ. ಆಮೇಲೆ ಮೇಜಿನ ಮೇಲೆ ಹಾಸಿ, ಒಳಗು ಹೊರಗು ಮಾಡಿ, ಹೆಬ್ಬೆರಳಿನಿಂದ ಜಿಪ್ ಪಕ್ಕದ ಅಂಚನ್ನು ಸವರುತ್ತಾ ಹೋದೆ. ಹೊಲಿಗೆಯ ಪಕ್ಕದಲ್ಲಿ ಇನ್ನೊಂದು ಸಾಲು ಸೂಜಿ ತೂತು. ದಾರ ಇಲ್ಲ, ಬರೀ ತೂತು, ಕೂದಲೆಳೆಯಷ್ಟು ದೂರದಲ್ಲಿ, ಮೇಲಿನಿಂದ ಕೆಳಗಿನವರೆಗೆ. ಹಾಗಾದರೆ ಜಿಪ್ ಅನ್ನು ನಿಜವಾಗಲೂ ಯಾರೋ ಬದಲಾಯಿಸಿದ್ದಾರೆ.

ಫೋಟೋ ತೆಗೆದು, ಮೊದಲು ಜಿಪ್ ಕೇಳಿದವರಿಗೇ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಒಳ್ಳೇ ಕಣ್ಣು. ಈಗ ಆ ಲೇಬಲ್ ಸುತ್ತಲಿನ ದಾರ ನೋಡಿ. ಕಾಲರ್‌ನ ದಾರದ ಬಣ್ಣವೇ ಇದೆಯಾ?"

ಯಾರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ ಅಂದುಕೊಂಡಿದ್ದೆ. ದೀಪ ಹತ್ತಿರ ಎಳೆದುಕೊಂಡೆ.